ಮುಪ್ಪಿನ ಮರೆವು: ನಾವು ತಿಳಿಯಬೇಕಾದುದು

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಅಜ್ಜ ನೆಂಟರ ಹೆಸರು ಮರೆತರೂ ಇದೇ ಮಾತು, ದಿನವೂ ನಡೆಯುವ ತೋಟದ ದಾರಿ ತಪ್ಪಿದರೂ ಇದೇ ಮಾತು. ಆದರೆ ಇವೆರಡೂ ಒಂದೇ ಬಗೆಯ ಮರೆವಲ್ಲ.

ಹೊಸ ಸಂಗತಿಗಳನ್ನು ನೆನಪಿನಲ್ಲಿ ಉಳಿಸಲು ಮೆದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಬಹಳ ಮುಖ್ಯ. ನೆನಪಿನಷ್ಟೇ ಅಗತ್ಯವಾದ ಇನ್ನೊಂದು ಶಕ್ತಿಯಿದೆ. ಕೆಲಸವನ್ನು ಯೋಜಿಸುವುದು, ಕ್ರಮ ತಪ್ಪದೆ ಮಾಡುವುದು, ಬೇಡದ್ದನ್ನು ತಡೆಯುವುದು ಇದರ ಲಕ್ಷಣ. ಇದನ್ನು ಕಾರ್ಯನಿರ್ವಹಣಾ ಶಕ್ತಿ ಎನ್ನಬಹುದು. ಇದರಲ್ಲಿ ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ದೊಡ್ಡ ಪಾತ್ರವಿದೆ. ತಾಳಮದ್ದಳೆಯ ಅರ್ಥಧಾರಿಯನ್ನು ಗಮನಿಸಿರಿ. ಆತನು ಪ್ರಸಂಗದ ನಡೆಯನ್ನು ನೆನಪಿಡಬೇಕು, ಎದುರಾಳಿಯ ಮಾತನ್ನು ಮನಸ್ಸಿನಲ್ಲಿ ಹಿಡಿದಿಡಬೇಕು, ನಾಲಗೆಯ ತುದಿಗೆ ಬಂದುದೆಲ್ಲವನ್ನೂ ಆಡದೆ ತಕ್ಕ ಉತ್ತರವನ್ನು ಜೋಡಿಸಬೇಕು. ಅಡುಗೆಮನೆಯಲ್ಲಿ ಅಜ್ಜಿ ಹತ್ತು ಮಂದಿಗೆ ಊಟ ಸಿದ್ಧಪಡಿಸುವಾಗ ಕೆಲಸ ಮಾಡುವುದೂ ಇದೇ ಶಕ್ತಿ.

ವಯಸ್ಸಾದಂತೆ ಈ ಎರಡೂ ಸ್ವಲ್ಪ ನಿಧಾನವಾಗುವುದು ಸಹಜ. ಮರೆತ ಹೆಸರು ಸ್ವಲ್ಪ ಹೊತ್ತಿನ ಬಳಿಕ ನೆನಪಾದರೆ ಗಾಬರಿ ಬೇಡ. ಪದಸಂಪತ್ತು, ಬಾಳಿನ ಅನುಭವದ ತಿಳಿವು ಮುಪ್ಪಿನಲ್ಲೂ ಬಹುಮಟ್ಟಿಗೆ ಉಳಿಯುತ್ತವೆ. ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ಕೈಮೀರುವುದು, ಸದಾ ಮಾಡುತ್ತಿದ್ದ ಅಡುಗೆಯ ಕ್ರಮವೇ ತಪ್ಪುವುದು, ಇವು ಡಿಮೆನ್ಷಿಯಾ ಎಂಬ ಕಾಯಿಲೆಯ ಸೂಚನೆಗಳಾಗಿರಬಹುದು. ಗಾದೆ ಹೇಳಿ ನಕ್ಕು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳು, ಇವುಗಳಿಂದಲೂ ಮರೆವು ಬರುವುದುಂಟು. ಅಂಥ ಮರೆವಿಗೆ ಚಿಕಿತ್ಸೆಯಿದೆ. ತಡಮಾಡಿದರೆ ಆ ಅವಕಾಶ ಕೈತಪ್ಪೀತು.

2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ದಾಟಿದವರು ನೂರಕ್ಕೆ 8.6, ನಮ್ಮ ಕೇರಳದಲ್ಲಿ 12.6. ಆದ್ದರಿಂದ ಈ ವಿಚಾರ ನಮಗೆ ಇನ್ನಷ್ಟು ಹತ್ತಿರದ್ದು.

2013ರಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಮಂದಿ ಡಿಮೆನ್ಷಿಯಾ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ಕಾಣದವರಲ್ಲೂ ಈ ವ್ಯತ್ಯಾಸವಿತ್ತು. ಒಂದು ಭಾಷೆಯನ್ನು ತಡೆಹಿಡಿದು ಇನ್ನೊಂದನ್ನು ಆಡುವ ಅಭ್ಯಾಸವೇ ಮೆದುಳಿಗೆ ಬಲ ಕೊಡುತ್ತದೆಂದು ಅವರ ಊಹೆ. ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೂ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಕುಂಬ್ಡಾಜೆಯ ಮಕ್ಕಳು ಇದನ್ನು ಹೊರೆಯೆಂದು ತಿಳಿಯಬೇಕಾಗಿಲ್ಲ.

ಹಿರಿಯರ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಕಿವಿ ಮಂದವಾದರೆ ಪರೀಕ್ಷೆಯಾಗಲಿ. ನಡಿಗೆ, ಮಾತುಕತೆ ನಿಲ್ಲದಿರಲಿ. ವಿದ್ಯಾರ್ಥಿಗಳೇ, ಅಜ್ಜಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗಲೂ ಮೊದಲ ಸಲದಂತೆಯೇ ಉತ್ತರಿಸೋಣ. ನಾವು ಮಾತು ಕಲಿಯುವಾಗ ಅವರೂ ನಮಗೆ ಹಾಗೆಯೇ ಉತ್ತರಿಸಿದ್ದರು.