ಇಲಿಯ ಮಿದುಳಿನ ಎಂಟು ಕೋಶಗಳು

ಪ್ರೀತಿಯ ಪುಟ್ಟಿ,

ನಿನ್ನ ಮೇಲ್ ಎರಡು ಸಲ ಓದಿದೆ. ಪಿಎಚ್.ಡಿ. ಮುಗಿಯುತ್ತ ಬಂತು, ಅರ್ಜಿ ಹಾಕಿದ ಕಡೆಯೆಲ್ಲ ಎಷ್ಟು ಪ್ರಬಂಧ, ಎಷ್ಟು ಸೈಟೇಶನ್, ಎಚ್-ಇಂಡೆಕ್ಸ್ ಎಷ್ಟು ಎಂದೇ ಕೇಳುತ್ತಾರೆ ಎಂದು ಬರೆದಿದ್ದೀಯ. ಐದು ವರ್ಷದ ಒಂದೇ ಕೆಲಸವನ್ನು ಮೂರು ಪ್ರಬಂಧವಾಗಿ ಒಡೆಯಲೇ ಎಂದೂ ಕೇಳಿದ್ದೀಯ. ಬೇಡ ಮಗಳೇ. ಯಾಕೆಂದು ಹೇಳುತ್ತೇನೆ, ಪುರುಸೊತ್ತು ಮಾಡಿಕೊಂಡು ಓದು.

1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನ್ ಓಕೀಫ್, ತಮ್ಮ ವಿದ್ಯಾರ್ಥಿ ಜೊನಾಥನ್ ದೊಸ್ತ್ರೊವ್‌ಸ್ಕಿ ಜೊತೆ ಸೇರಿ ‘ಬ್ರೇನ್ ರಿಸರ್ಚ್’ ಪತ್ರಿಕೆಯಲ್ಲಿ ಐದೇ ಪುಟದ ಬರಹವೊಂದನ್ನು ಪ್ರಕಟಿಸಿದರು. ತನ್ನಷ್ಟಕ್ಕೆ ಓಡಾಡುತ್ತಿದ್ದ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ತೆಳು ತಂತಿ ಇಳಿಸಿ ಅವರು 76 ಕೋಶಗಳ ವಿದ್ಯುತ್ ಮಿಡಿತ ದಾಖಲಿಸಿದ್ದರು. ಇಲಿ ಒಂದು ನಿರ್ದಿಷ್ಟ ಜಾಗದಲ್ಲಿ, ಒಂದು ದಿಕ್ಕಿಗೆ ಮುಖ ಮಾಡಿ ನಿಂತಾಗ ಜೋರಾಗಿ ಮಿಡಿದದ್ದು ಅವುಗಳಲ್ಲಿ 8 ಮಾತ್ರ. ಎಪ್ಪತ್ತಾರರಲ್ಲಿ ಎಂಟು! ಇವತ್ತಿನ ಯಾವ ವಿಮರ್ಶಕರಾದರೂ ‘ಇನ್ನಷ್ಟು ಇಲಿ ಬೇಕು’ ಎಂದು ವಾಪಸು ಕಳಿಸುತ್ತಿದ್ದರೋ ಏನೋ. ಅವರೂ ಬಡಾಯಿ ಕೊಚ್ಚಲಿಲ್ಲ, ಶೀರ್ಷಿಕೆಯಲ್ಲೇ ಇದು ಪ್ರಾಥಮಿಕ ಸಾಕ್ಷ್ಯ ಎಂದು ಬರೆದರು. ಆದರೆ ಹೇಳಬೇಕಾದದ್ದನ್ನು ಬಿಡಲೂ ಇಲ್ಲ: ಮಿದುಳಿನ ಈ ಭಾಗ ಸುತ್ತಲಿನ ಜಾಗದ ನಕ್ಷೆ ಇಟ್ಟುಕೊಂಡಿರಬಹುದು ಎಂದರು.

ಎಷ್ಟೋ ಜನ ನಂಬಲಿಲ್ಲ. ಹಿಪೊಕ್ಯಾಂಪಸ್ ಎಂದರೆ ನೆನಪಿನ ತಾಣ ಎಂಬ ತಿಳಿವಳಿಕೆ 1957ರಲ್ಲಿ ಸ್ಕೋವಿಲ್ ಮತ್ತು ಬ್ರೆಂಡಾ ಮಿಲ್ನರ್ ಬರೆದ ಪ್ರಬಂಧದಿಂದ ಆಗಲೇ ಗಟ್ಟಿಯಾಗಿತ್ತು. ಓಕೀಫ್ ಮಾತ್ರ ಅದೇ ಪ್ರಶ್ನೆಯ ಹಿಂದೆ ದಶಕಗಟ್ಟಲೆ ನಡೆದರು. ಅವರ ಪ್ರಯೋಗಾಲಯದಲ್ಲಿ ಕೆಲಕಾಲ ಕೆಲಸ ಕಲಿತ ಮೈ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ದಂಪತಿ 2005ರಲ್ಲಿ ನಾರ್ವೆಯಲ್ಲಿ, ಹಿಪೊಕ್ಯಾಂಪಸ್‌ನ ಪಕ್ಕದ ಭಾಗದಲ್ಲಿ ಜಾಗ ಗುರುತಿಸಲು ನೆರವಾಗುವ ‘ಗ್ರಿಡ್ ಕೋಶ’ಗಳನ್ನು ಕಂಡರು. 2014ರಲ್ಲಿ ಮೂವರಿಗೂ ನೊಬೆಲ್ ಬಂತು. ಆ ಐದು ಪುಟ ಅಚ್ಚಾಗಿ ಆಗಲೇ 43 ವರ್ಷ!

ಈಗ ನಿನ್ನ ಎಚ್-ಇಂಡೆಕ್ಸ್ ವಿಷಯ. 2005ರಲ್ಲಿ ಇದನ್ನು ಸೂಚಿಸಿದ ಹೋರ್ಹೆ ಹಿರ್ಷ್ ಭೌತವಿಜ್ಞಾನಿ. ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಇದ್ದರೆ ಇಂಡೆಕ್ಸ್ ಹತ್ತು. ಮೂರೇ ಪ್ರಬಂಧ ಬರೆದು ಒಂದೊಂದಕ್ಕೂ ಸಾವಿರ ಉಲ್ಲೇಖ ಪಡೆದವರ ಇಂಡೆಕ್ಸ್ ಬರೀ ಮೂರು. ಒಂದು ಸಂಖ್ಯೆ ವಿಜ್ಞಾನಿಯ ಸ್ಥೂಲ ಚಿತ್ರವನ್ನಷ್ಟೇ ಕೊಡಬಲ್ಲದು ಎಂದು ಹಿರ್ಷ್ ತಾವೇ ಎಚ್ಚರಿಸಿದ್ದರು. ವಿಧಾನ ಹೇಳಿಕೊಡುವ ಪ್ರಬಂಧಕ್ಕೆ, ಸಮೀಕ್ಷಾ ಲೇಖನಕ್ಕೆ ಉಲ್ಲೇಖ ಬೇಗ ಸೇರುತ್ತದೆ. ಒಂದು ಬಗೆಯ ನರಕೋಶವನ್ನು ನಿನ್ನ ಹಾಗೆ ವರ್ಷಗಟ್ಟಲೆ ನೋಡಿ ಬರೆದದ್ದಕ್ಕೆ ನಿಧಾನ. ನರವಿಜ್ಞಾನಿ ಕಾರ್ಲ್ ಫ್ರಿಸ್ಟನ್ ಅವರಿಗೆ ಸಿಕ್ಕ ಅಪಾರ ಉಲ್ಲೇಖಗಳ ಹಿಂದೆ, ಮಿದುಳಿನ ಸ್ಕ್ಯಾನ್ ವಿಶ್ಲೇಷಿಸುವವರಲ್ಲಿ ಅನೇಕರು ಬಳಸುವಂಥ ವಿಧಾನವನ್ನು ಅವರು ಕಟ್ಟಿಕೊಟ್ಟದ್ದೂ ಒಂದು ಕಾರಣ. ಅದು ದೊಡ್ಡ ಸೇವೆಯೇ. ಆದರೆ ನಿನ್ನ ಕೆಲಸವನ್ನು ಅದೇ ಅಳತೆಯಲ್ಲಿ ಅಳೆಯಲಾಗದು.

ಇನ್ನೊಂದು ಮಾತು ನನಗೆ ನಿಜಕ್ಕೂ ನೋವಿನದು. 2006ರಲ್ಲಿ ‘ನೇಚರ್’ನಲ್ಲಿ ಅಲ್ಜೈಮರ್ ಕಾಯಿಲೆಯ ಕುರಿತು ಬಂದ ಪ್ರಬಂಧವೊಂದು, ಒಂದು ಬಗೆಯ ಅಮಿಲಾಯ್ಡ್ ಪ್ರೋಟೀನು ನೆನಪನ್ನು ಕೆಡಿಸುತ್ತದೆ ಎಂದಿತು. ಸುಮಾರು 2,500 ಉಲ್ಲೇಖ ಗಳಿಸಿತು. ಅದರ ಚಿತ್ರಗಳನ್ನು ತಿದ್ದಿದ್ದಾರೆಂಬ ಸಂಶಯ 2022ರಲ್ಲಿ ಬಯಲಿಗೆ ಬಂದು, 2024ರಲ್ಲಿ ಆ ಪ್ರಬಂಧವನ್ನೇ ಹಿಂತೆಗೆದುಕೊಳ್ಳಲಾಯಿತು. ನಡುವಿನ ಆ ವರ್ಷಗಳಲ್ಲಿ ಎಷ್ಟು ಮಕ್ಕಳು ನಿನ್ನ ಹಾಗೆ ರಾತ್ರಿ ಪ್ರಯೋಗಾಲಯದಲ್ಲಿ ಕೂತು ಅದನ್ನು ನಂಬಿ ಪ್ರಯೋಗ ಮಾಡಿರಬಹುದು? ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕಕ್ಕೂ ಬರೆದದ್ದು ನಿಜವೇ ಎಂಬುದಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಹಾಗೆಂದು ಅರ್ಜಿ ಹಾಕದೆ ಕೂರಬೇಡ. ಕೇಳಿದ ಸಂಖ್ಯೆಯನ್ನು ಇದ್ದಂತೆಯೇ ತುಂಬು. ಅದರ ಕೆಳಗೆ, ನಿನ್ನ ಕೆಲಸದಿಂದ ಮೊದಲು ಗೊತ್ತಿರದ ಏನು ಗೊತ್ತಾಯಿತು, ಅದರಲ್ಲಿ ನಿನ್ನ ಕೈಯಿಂದ ಆದದ್ದು ಯಾವುದು ಎಂದು ನಾಲ್ಕು ಸಾಲು ಬರೆ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಸಂಶೋಧಕರ ಬೆಲೆ ಕಟ್ಟಬಾರದೆನ್ನುವ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಗೆ ಸಹಿ ಹಾಕಿದ ಸಂಸ್ಥೆಗಳು ಬೇಕಾದಷ್ಟಿವೆ. ಅಂಥ ಕಡೆ ಮೊದಲು ಅರ್ಜಿ ಹಾಕು. ಕಚ್ಚಾ ದತ್ತಾಂಶ, ಕೋಡ್ ಎರಡನ್ನೂ ಎಲ್ಲರಿಗೂ ಸಿಗುವಂತೆ ಇಡು. ಓದದ ಪ್ರಬಂಧವನ್ನು ಉಲ್ಲೇಖಿಸಬೇಡ. ಕೈಗೂಡದ ಪ್ರಯೋಗವನ್ನೂ ಬರೆ, ನಿನ್ನ ಹಿಂದೆ ಬರುವವರ ಒಂದು ವರ್ಷ ಉಳಿದೀತು.

ಆ ಐದು ವರ್ಷದ ಕೆಲಸವನ್ನು ಒಂದೇ ಪ್ರಬಂಧವಾಗಿ, ಇಡಿಯಾಗಿ ಕಳಿಸು. ಕಳಿಸುವ ಮೊದಲು ಕರಡನ್ನು ನನಗೂ ಒಮ್ಮೆ ತೋರಿಸಮ್ಮ.

ಇಂತಿ,
ನಿನ್ನ ದೊಡ್ಡಪ್ಪ