ಬ್ರೆಜಿಲ್‌ನ ಸುದ್ದಿ, ಗುರ್ಲಾಪುರದ ಬಿಲ್ಲು: ಕಬ್ಬಿನ ಮನೆಯವರು ಹೂಡಿಕೆ ಮಾಡುವ ಬಗೆ

2025ರ ನವೆಂಬರ್ ಮೊದಲ ವಾರ. ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ಪಟ್ಟು ಹಿಡಿದಿದ್ದರು. ನವೆಂಬರ್ 7ರಂದು ರಾಜ್ಯ ಸರ್ಕಾರ ಶೇ 11.25 ಸಕ್ಕರೆ ಇಳುವರಿಯ ಕಬ್ಬಿಗೆ, ಕಟಾವು ಮತ್ತು ಸಾಗಣೆ ಖರ್ಚು ಬಿಟ್ಟು, 3,300 ರೂಪಾಯಿ ಎಂದು ತೀರ್ಮಾನಿಸಿತು. ಆ ದಿನಗಳಲ್ಲಿ ಬೆಂಗಳೂರು ಮತ್ತು ದೆಹಲಿಯ ನಡುವೆ ಮೂರು ಮಾತು ಮತ್ತೆ ಮತ್ತೆ ಬಂದವು: ಸಕ್ಕರೆ ರಫ್ತು, ಎಥೆನಾಲ್ ಹಂಚಿಕೆ, 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತ ಸಕ್ಕರೆಯ ಕನಿಷ್ಠ ಮಾರಾಟ ದರ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ‘ನಮಗೂ ಷೇರುಪೇಟೆಗೂ ಏನು ಸಂಬಂಧ’ ಎನ್ನುವವರು ಇದನ್ನು ನೆನೆಯಬೇಕು. ಹಿಡಕಲ್ ಅಣೆಕಟ್ಟೆಯ ನೀರಿನಲ್ಲಿ ಕಬ್ಬು ಹಚ್ಚಿದ ದಿನವೇ ನೀವು ಜಗತ್ತಿನ ಪೇಟೆಯಲ್ಲಿ ಹಣ ಹೂಡಿದ್ದೀರಿ. ಆದ್ದರಿಂದ ಉಳಿತಾಯದ ಲೆಕ್ಕವನ್ನು ಹೊಲದಿಂದಲೇ ಆರಂಭಿಸೋಣ.

ಹೆಜ್ಜೆ 1: ಹೊಲದಲ್ಲಿರುವುದನ್ನು ಮೊದಲು ಲೆಕ್ಕಕ್ಕೆ ಹಿಡಿಯಿರಿ

ಐದು ಎಕರೆ ಕಬ್ಬು, ಎಕರೆಗೆ 40 ಟನ್ ಎಂದುಕೊಳ್ಳಿ. ಒಟ್ಟು 200 ಟನ್. ಟನ್ನಿಗೆ ನೂರು ರೂಪಾಯಿ ಹೆಚ್ಚುಕಡಿಮೆಯಾದರೆ ಮನೆಗೆ 20,000 ರೂಪಾಯಿಯ ವ್ಯತ್ಯಾಸ. ಈ ನೂರು ರೂಪಾಯಿಯ ಹಿಂದೆ ಯಾರಿದ್ದಾರೆ?

ಜಗತ್ತಿನಲ್ಲಿ ಅತಿ ಹೆಚ್ಚು ಸಕ್ಕರೆ ಮಾಡುವ ದೇಶ ಬ್ರೆಜಿಲ್. ಅಲ್ಲಿನ ಹಲವು ಕಾರ್ಖಾನೆಗಳು ಅದೇ ಕಬ್ಬಿನ ರಸವನ್ನು ಸಕ್ಕರೆಗೂ ತಿರುಗಿಸಬಲ್ಲವು, ಎಥೆನಾಲ್‌ಗೂ ತಿರುಗಿಸಬಲ್ಲವು. ಕಚ್ಚಾ ತೈಲ ತುಟ್ಟಿಯಾದರೆ ಎಥೆನಾಲ್‌ನಲ್ಲಿ ಲಾಭ ಕಂಡು ಸಕ್ಕರೆ ಕಡಿಮೆ ಮಾಡುತ್ತಾರೆ, ಆಗ ಸಕ್ಕರೆಯ ದರ ಏರುತ್ತದೆ. ತೈಲ ಇಳಿದರೆ ಇದರ ಉಲ್ಟಾ. ಪಶ್ಚಿಮ ಏಷ್ಯಾದಲ್ಲಿ ಯುದ್ಧ ಎಂಬ ಸುದ್ದಿ ಬಂದಾಗ ನಮ್ಮವರು ಡೀಸೆಲ್ ಬೆಲೆ ನೋಡುತ್ತಾರೆ, ಸಕ್ಕರೆಯ ಬೆಲೆಯನ್ನೂ ನೋಡಬೇಕು.

ಇನ್ನೊಂದು ಬೀಗದ ಕೈ ದೆಹಲಿಯಲ್ಲಿದೆ. 2022ರ ಜೂನ್‌ನಿಂದ ಸಕ್ಕರೆ ರಫ್ತಿಗೆ ಕಡಿವಾಣ ಬಿತ್ತು. 2023ರ ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನು ಕೇಂದ್ರ ತಡೆಯಿತು. ಸಕ್ಕರೆ ಕಂಪನಿಗಳ ಷೇರು ಅಂದೇ ಕುಸಿದವು. ವಾರದಲ್ಲಿ ಆ ತಡೆಯನ್ನು ಸ್ವಲ್ಪ ಸಡಿಲಿಸಿದರು, 2024ರ ಆಗಸ್ಟ್‌ನಲ್ಲಿ ಪೂರ್ತಿ ತೆಗೆದರು. ಗುರ್ಲಾಪುರದ ಹೋರಾಟದ ತಿಂಗಳಲ್ಲೇ 15 ಲಕ್ಷ ಟನ್ ರಫ್ತಿಗೆ ಒಪ್ಪಿಗೆ ಸಿಕ್ಕಿತು. ಆದರೆ ಲಂಡನ್, ನ್ಯೂಯಾರ್ಕ್‌ನ ದರ ನಮ್ಮ ಒಳಪೇಟೆಗಿಂತ ಕೆಳಗಿದ್ದರೆ ಅಂಥ ಒಪ್ಪಿಗೆಯಿಂದ ಕಾರ್ಖಾನೆಯ ಗಲ್ಲಾ ತುಂಬುವುದಿಲ್ಲ. ‘ರಫ್ತು ತೆರೆಯಿತು’ ಎಂಬ ತಲೆಬರಹ ನೋಡಿ ಟ್ರ್ಯಾಕ್ಟರ್ ಬುಕ್ ಮಾಡುವ ಮುಂಚೆ ಎರಡೂ ದರ ಹೋಲಿಸಿ.

ಕೇಂದ್ರ ನಿಗದಿ ಮಾಡುವ ನ್ಯಾಯಸಮ್ಮತ ದರ, ಅಂದರೆ ಎಫ್‌ಆರ್‌ಪಿ, ಇದೆಯಲ್ಲ ಎನ್ನಬಹುದು. 2025–26ಕ್ಕೆ ಶೇ 10.25 ಇಳುವರಿಗೆ ಕಟಾವು, ಸಾಗಣೆ ಖರ್ಚೂ ಸೇರಿ ಕ್ವಿಂಟಲಿಗೆ 355 ರೂಪಾಯಿ, ನಿಜ. ಅದು ದರಕ್ಕೆ ಕಟ್ಟಿದ ಒಡ್ಡು, ಸಮಯಕ್ಕಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಬೇಕು. ಆದರೂ ಸಕ್ಕರೆ ಗೋದಾಮಿನಲ್ಲೇ ಉಳಿದ ವರ್ಷ ಬಿಲ್ಲು ಬಾಕಿ ಉಳಿಯುವುದು ನಮ್ಮ ಭಾಗಕ್ಕೆ ಹೊಸದಲ್ಲ. ಹೀಗಾಗಿ ಒಂದು ಹಂಗಾಮಿನ ಮನೆಖರ್ಚು, ಶಾಲೆ ಫೀ, ಪ್ರಾಥಮಿಕ ಕೃಷಿ ಪತ್ತಿನ ಸಂಘದ (ಪಿಕೆಪಿಎಸ್) ಸಾಲದ ಕಂತು ಇಷ್ಟನ್ನು ಕೈಗೆ ತಕ್ಷಣ ಸಿಗುವಂತೆ ಬ್ಯಾಂಕಿನಲ್ಲಿ ಇಡದೆ ಮುಂದಿನ ಹೆಜ್ಜೆ ಇಡಬೇಡಿ.

ಹೆಜ್ಜೆ 2: ಒಂದೇ ಮೋಡದ ಕೆಳಗೆ ಎಲ್ಲವನ್ನೂ ಒಣಹಾಕಬೇಡಿ

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಸಕ್ಕರೆ ಕಂಪನಿ 2019ರಲ್ಲಿ ಷೇರುಪೇಟೆಗೆ ಬಂತು. ಊರ ಕಂಪನಿ ಎಂಬ ಅಭಿಮಾನ ಸಹಜ. ಆದರೆ ಯಾವುದೇ ಸಕ್ಕರೆ ಕಂಪನಿಯಾಗಲಿ, ಕಬ್ಬು ಬೆಳೆಯುವವರು ಅದರ ಷೇರಿನಲ್ಲೇ ಉಳಿತಾಯವನ್ನೂ ಹಾಕಿದರೆ ಸಕ್ಕರೆ ಬಿದ್ದ ವರ್ಷ ಬಿಲ್ಲೂ ತಡ, ಷೇರೂ ಇಳಿಕೆ. ಕಬ್ಬಿನವರಿಗೆ ನಾನು ಹೇಳುವುದು, ಹಲವು ಉದ್ಯಮಗಳಲ್ಲಿ ಹಣ ಹರಡುವ ಇಂಡೆಕ್ಸ್ ಫಂಡ್ ಸಾಕು.

ಈ ಸೀಮೆಗೆ ಇದರ ಪಾಠ ಹಳೆಯದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಧಾರವಾಡ, ಬೆಳಗಾವಿ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ದುಡ್ಡು ಮುಂಬೈಯಲ್ಲಿ ಷೇರಿನ ಹುಚ್ಚಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಕುಸಿಯಿತು, ಷೇರುಗಳೂ ಅದರ ಜೊತೆಗೇ ಮಣ್ಣುಪಾಲಾದವು.

ಹೆಜ್ಜೆ 3: ಬಂಗಾರದ ದರವನ್ನು ಮೂರು ತುಂಡು ಮಾಡಿ ನೋಡಿ

ಮಗಳ ಮದುವೆಗೆಂದು ತೊಲೆ ಲೆಕ್ಕದಲ್ಲಿ ಕೊಳ್ಳುವವರು ಅಂಗಡಿಯ ಫಲಕ ಮಾತ್ರ ನೋಡುತ್ತಾರೆ. ಆ ಒಂದು ಅಂಕಿಯಲ್ಲಿ ಮೂರು ಸಂಗತಿ ಕೂಡಿವೆ: ಜಗತ್ತಿನ ಪೇಟೆಯಲ್ಲಿ ಔನ್ಸಿಗೆ, ಅಂದರೆ 31.1 ಗ್ರಾಂಗೆ, ಎಷ್ಟು ಡಾಲರ್. ಡಾಲರಿಗೆ ಎಷ್ಟು ರೂಪಾಯಿ. ದೆಹಲಿಯ ಆಮದು ಸುಂಕ ಎಷ್ಟು. ಹೊರಗೆ ಬಂಗಾರ ಅಲುಗದಿದ್ದರೂ ರೂಪಾಯಿ ಸೊರಗಿದರೆ ಇಲ್ಲಿ ತುಟ್ಟಿ. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಅಂದೇ ದರ ಬಿತ್ತು. ಹಿಂದಿನ ವಾರ ಸಾಲ ಮಾಡಿ ಕೊಂಡವರಿಗೆ ಎಷ್ಟು ಸಂಕಟವಾಗಿರಬೇಕು! ಮದುವೆಗೆ ಮೂರು ವರ್ಷವಿದ್ದರೆ ಪ್ರತಿ ಬಿಲ್ಲಿನಲ್ಲೂ ಸ್ವಲ್ಪ ಸ್ವಲ್ಪ ಕೊಳ್ಳಿ, ಯುದ್ಧದ ಸುದ್ದಿ ಕೇಳಿ ಒಮ್ಮೆಲೇ ಓಡಬೇಡಿ.

ಹೆಜ್ಜೆ 4: ಠೇವಣಿಯ ಬಡ್ಡಿ ಮತ್ತು ಭದ್ರತೆ

ಯುಕ್ರೇನ್ ಯುದ್ಧದ ನಂತರ ಎಲ್ಲೆಡೆ ಬೆಲೆಯೇರಿದಾಗ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಒಯ್ದಿತು. 2025ರಲ್ಲಿ ಅದನ್ನು ಹಂತಹಂತವಾಗಿ 5.25ಕ್ಕೆ ಇಳಿಸಿತು. ಠೇವಣಿಯ ಬಡ್ಡಿಯೂ ಈ ದರದ ಹಿಂದೆಯೇ ನಡೆಯುತ್ತದೆ. ಇಳಿಯುವ ಸೂಚನೆ ಕಂಡಾಗ ಉದ್ದ ಅವಧಿಯ ಠೇವಣಿ, ಏರುವಾಗ ಗಿಡ್ಡ ಅವಧಿ. ಸೂತ್ರ ಇಷ್ಟೇ.

ಬ್ಯಾಂಕಿನ ಬಡ್ಡಿ ಇಳಿದಾಗಲೇ ಹೆಚ್ಚು ಬಡ್ಡಿಯ ಸೊಸೈಟಿಗಳ ಕಡೆಗೆ ಮನಸ್ಸು ವಾಲುತ್ತದೆ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದೂ ಸೇರಿ, 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಪತ್ತಿನ ಸಹಕಾರಿ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಹೆಸರಿನಲ್ಲಿ ‘ಬ್ಯಾಂಕ್’ ಎಂದಿದೆಯೋ ‘ಪತ್ತಿನ ಸಹಕಾರಿ ಸಂಘ’ ಎಂದಿದೆಯೋ, ಪಾಸ್‌ಬುಕ್ ತೆಗೆದು ಇವತ್ತೇ ನೋಡಿ. ಜೀವಮಾನದ ಗಳಿಕೆಯನ್ನು ಇಂಥ ಸಂಘಗಳಲ್ಲಿ ಕಳೆದುಕೊಂಡು ಕಚೇರಿ ಮುಂದೆ ಕೂತ ಹಿರಿಯರನ್ನು ನೋಡಿದ್ದೇನೆ. ಈ ಒಂದು ಮಾತಿಗಾಗಿಯೇ ಈ ಲೇಖನ ಬರೆದರೂ ನನಗೆ ಸಮಾಧಾನ.

ಹೆಜ್ಜೆ 5: ಷೇರು ಬಿದ್ದ ದಿನ ಫೋನು ಕೆಳಗಿಡಿ

2020ರ ಮಾರ್ಚ್ 23ರಂದು ಕೊರೊನಾ ಭಯಕ್ಕೆ ಸೆನ್ಸೆಕ್ಸ್ 25,981ಕ್ಕೆ ಇಳಿಯಿತು. ಒಂದು ವರ್ಷ ತುಂಬುವ ಮೊದಲೇ 50,000 ದಾಟಿತು. 2024ರ ಜೂನ್ 4ರ ಚುನಾವಣಾ ಫಲಿತಾಂಶದ ದಿನ 4,389 ಅಂಶ ಬಿದ್ದದ್ದು ಜೂನ್ 7ರೊಳಗೆ ತುಂಬಿತು. ಎಲ್ಲ ಸಲ ಇಷ್ಟು ಬೇಗ ಏರುವುದಿಲ್ಲ. ಅದಕ್ಕೇ ಐದಾರು ವರ್ಷ ಮುಟ್ಟದ ಹಣವಷ್ಟೇ ಇಲ್ಲಿರಬೇಕು. ಅಂಥ ಹಣವಾದರೆ ತಿಂಗಳ ಕಂತಿನ ಹೂಡಿಕೆ (ಎಸ್‌ಐಪಿ) ನಿಲ್ಲಿಸುವ ಕಾರಣವೇ ಇಲ್ಲ. ಆಪ್ಷನ್ ಆಡಲು ಕರೆಯುವ ಗುಂಪುಗಳಿಂದ ಹೊರಬನ್ನಿ: ಫ್ಯೂಚರ್ಸ್, ಆಪ್ಷನ್‌ಗಳಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 93 ವ್ಯಕ್ತಿಗಳು ಹಣ ಕಳೆದುಕೊಂಡದ್ದನ್ನು ಷೇರುಪೇಟೆಯ ನಿಯಂತ್ರಕ ಸೆಬಿಯೇ 2024ರಲ್ಲಿ ತೋರಿಸಿದೆ.

ಹೆಜ್ಜೆ 6: ಕ್ಯಾಲೆಂಡರಿನ ಮೇಲೆ ಗುರುತು ಹಾಕಿ

ದಿನವೂ ಟಿವಿ ಮುಂದೆ ಕೂರುವುದು ಬೇಡ. ಫೆಬ್ರುವರಿ 1ಕ್ಕೆ ಬಜೆಟ್, ಸುಂಕಗಳಿಗಾಗಿ. ಏಪ್ರಿಲ್‌ನಲ್ಲಿ ಬ್ರೆಜಿಲ್‌ನ ಹಂಗಾಮು ಆರಂಭ, ಜೊತೆಗೆ ನಮ್ಮ ಮುಂಗಾರಿನ ಮೊದಲ ಮುನ್ಸೂಚನೆ. ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕಿನ ಸಭೆ. ಅಕ್ಟೋಬರ್ 1ಕ್ಕೆ ಹೊಸ ಸಕ್ಕರೆ ವರ್ಷ. ಕೊನೆಯ ಗುರುತು ನಿಮ್ಮ ಕಬ್ಬು ಕಾರ್ಖಾನೆಗೆ ಹೋದ ದಿನಕ್ಕೆ. ಅಲ್ಲಿಂದ 14 ದಿನ ಎಣಿಸಿ, ತೂಕದ ಚೀಟಿಯನ್ನು ಅದೇ ಪುಟಕ್ಕೆ ಪಿನ್ನು ಮಾಡಿಡಿ.