ಆರನೆಯ ತರಗತಿಗೆ ನೆರೆಯ ಸರಕಾರಿ ಶಾಲೆ: ನಿರ್ಧಾರಕ್ಕೆ ಮುನ್ನ ಪರಿಶೀಲಿಸತಕ್ಕ ಸಂಗತಿಗಳು

ಐದನೆಯ ತರಗತಿಯನ್ನು ಮುಗಿಸಲಿರುವ ಮಗುವನ್ನು ಮನೆಗೆ ಸಮೀಪದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸುವುದೋ, ವ್ಯಾನು ಹತ್ತಿಸಿ ದೂರದ ಖಾಸಗಿ ಶಾಲೆಗೆ ಕಳುಹಿಸುವುದೋ ಎಂಬ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಡುತ್ತಿರುವವರು ಆ ಸರಕಾರಿ ಶಾಲೆಯೊಳಗೆ ಒಮ್ಮೆಯೂ ಕಾಲಿರಿಸದ ಜನ. ನೆರೆಹೊರೆಯ ಮಕ್ಕಳೆಲ್ಲರೂ ಜಾತಿ, ಅಂತಸ್ತುಗಳ ಭೇದವಿಲ್ಲದೆ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಕೊಠಾರಿ ಆಯೋಗವು 1966ರಲ್ಲಿಯೇ ಆಶಿಸಿತ್ತು. ಆ ಆದರ್ಶವು ಎಷ್ಟೇ ಉದಾತ್ತವಾಗಿರಲಿ, ಮಗುವಿನ ಅಮೂಲ್ಯ ವರ್ಷಗಳನ್ನು ಒಪ್ಪಿಸಬೇಕಾದ ತಂದೆತಾಯಿಗಳಿಗೆ ಅದೊಂದೇ ಸಾಲದು, ಪ್ರತ್ಯಕ್ಷ ಪರಿಶೀಲನೆಯೂ ಅವಶ್ಯಕ. ಅದರ ಕ್ರಮ ಹೀಗಿರಬಹುದು.

1. ಶಾಲೆಗಳನ್ನು ಪಟ್ಟಿ ಮಾಡಿ. ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಶಿಕ್ಷಣ ಹಕ್ಕಿನ ನಿಯಮಗಳು ನೆರೆಹೊರೆಯೆಂದು ಎಣಿಸುವುದು 3 ಕಿಲೋಮೀಟರಿನ ಎಲ್ಲೆಯನ್ನು. ಅದರೊಳಗಿನ ಪ್ರತಿಯೊಂದು ಶಾಲೆಯೂ ಏಳನೆಯ ತರಗತಿಗೇ ನಿಲ್ಲುವುದೋ, ಎಂಟರವರೆಗೆ ನಡೆಯುವುದೋ ಎಂಬುದನ್ನು ಕೇಳಿ; ಏಳಕ್ಕೇ ನಿಂತರೆ ಮುಂದಿನ ಪ್ರೌಢಶಾಲೆಯನ್ನೂ ಈಗಲೇ ನೋಡಿಡಿ.

2. ಪಾಠ ನಡೆಯುವಾಗಲೇ ಹೋಗಿ. ಬೇಸಗೆಯ ರಜೆಯಲ್ಲಿ ಹೋದವರಿಗೆ ಗೋಡೆಗಳು ಮಾತ್ರ ಕಾಣುತ್ತವೆ. ಆದುದರಿಂದ ಜನವರಿ, ಫೆಬ್ರವರಿಗಳಲ್ಲಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಒಂದು ಪೂರ್ವಾಹ್ನವನ್ನು ಅಲ್ಲಿ ಕಳೆಯುವುದು ಉಚಿತ.

3. ಶಿಕ್ಷಕರನ್ನು ಕುರಿತು ವಿಚಾರಿಸಿ. ಉಳಿದೆಲ್ಲಕ್ಕಿಂತ ಮಿಗಿಲಾದ ಪ್ರಶ್ನೆಯಿದು. ಈ ಹಂತದಲ್ಲಿ ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ತಲಾ ಒಬ್ಬರಾದರೂ ಶಿಕ್ಷಕರಿರಬೇಕೆಂದೂ, 35 ಮಕ್ಕಳಿಗೆ ಒಬ್ಬರಂತೆ ಇರಬೇಕೆಂದೂ 2009ರ ಶಿಕ್ಷಣ ಹಕ್ಕು ಕಾಯ್ದೆಯು ವಿಧಿಸಿದೆ. ಆದರೆ ಹುದ್ದೆಯಿರುವುದು ಬೇರೆ, ಅದರಲ್ಲಿ ಶಿಕ್ಷಕರಿರುವುದು ಬೇರೆ. ಗಣಿತವನ್ನು ಬೋಧಿಸುವವರು ಕಾಯಂ ಶಿಕ್ಷಕರೋ, ಅತಿಥಿ ಶಿಕ್ಷಕರೋ, ಅತಿಥಿ ಶಿಕ್ಷಕರಾದರೆ ಜೂನ್ ತಿಂಗಳಲ್ಲಿಯೇ ಬಂದರೋ, ದಸರೆಯ ಹೊತ್ತಿಗೆ ಬಂದರೋ ಎಂಬುದನ್ನು ಸಂಕೋಚವಿಲ್ಲದೆ ಕೇಳಿ. ಉತ್ಸಾಹಿಯಾದ ಅತಿಥಿ ಶಿಕ್ಷಕರು ಉದಾಸೀನರಾದ ಕಾಯಂ ಶಿಕ್ಷಕರಿಗಿಂತ ಮೇಲೆನಿಸಬಹುದಾದುದರಿಂದ, ಹುದ್ದೆಯ ಹೆಸರಿಗೆ ಮಾರುಹೋಗದೆ ಆರನೆಯ ತರಗತಿಯ ಮಕ್ಕಳ ನೋಟ್ ಪುಸ್ತಕಗಳನ್ನು ತೆರೆದು, ತಪ್ಪುಗಳು ತಿದ್ದಲ್ಪಟ್ಟಿವೆಯೇ, ಕೇವಲ ಸಹಿ ಬಿದ್ದಿದೆಯೇ ಎಂಬುದನ್ನು ನೋಡತಕ್ಕದ್ದು.

4. ಮಾಧ್ಯಮವನ್ನು ನಿಶ್ಚಯಿಸಿ. ಆಂಗ್ಲ ಮಾಧ್ಯಮದಿಂದ ಬರುವ ಮಗುವಿಗೆ ಕನ್ನಡದ ವಿಜ್ಞಾನ ಪಠ್ಯದ ಒಂದು ಪುಟವನ್ನು ಓದಿಸಿ, ಅರ್ಥವನ್ನು ಅದರ ಮಾತಿನಲ್ಲಿಯೇ ಹೇಳಿಸಿ. ತಡವರಿಸಿದರೆ ಬೇಸಗೆಯ ರಜೆ ಅಭ್ಯಾಸಕ್ಕೆ ಒದಗುತ್ತದೆ.

5. ಊಟ, ನೀರು, ಶೌಚಾಲಯ. ಈ ತರಗತಿಗಳ ಮಗುವಿಗೆ ಮಧ್ಯಾಹ್ನದ ಬಿಸಿಯೂಟದಲ್ಲಿ 150 ಗ್ರಾಂ ಧಾನ್ಯ ನಿಗದಿಯಾಗಿದೆ. ರುಚಿಯನ್ನು ಮಕ್ಕಳ ತಟ್ಟೆಯೇ ಹೇಳೀತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು, ಚಿಲಕ, ನೀರು ಮೂರೂ ಇರುವುವೇ ಎಂಬುದನ್ನು ತಾಯಂದಿರು ಸ್ವತಃ ಕಾಣಲಿ. ಹನ್ನೆರಡು-ಹದಿಮೂರರ ಬಾಲಕಿಯರು ಶಾಲೆಗೆ ತಪ್ಪಿಸಿಕೊಳ್ಳುವುದರ ಹಿಂದೆ ಅನೇಕ ವೇಳೆ ಈ ಕೊರತೆಯೇ ಇರುತ್ತದೆ.

6. ಅನುಭವಿಗಳನ್ನು ಕೇಳಿ. ಏಳನೆಯ ತರಗತಿಯ ಮಕ್ಕಳ ಪೋಷಕರನ್ನೂ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನೂ ಭೇಟಿಯಾಗಿ.

7. ಎರಡು ಶಾಲೆಗೂ ಒಂದೇ ಅಳತೆಗೋಲು ಹಿಡಿಯಿರಿ. ಸರಕಾರಿ ಶಾಲೆಯ ಶಿಕ್ಷಕರ ಅರ್ಹತೆಯನ್ನು ಕೂಲಂಕಷವಾಗಿ ವಿಚಾರಿಸಿ, ಖಾಸಗಿ ಶಾಲೆಯ ಟೈ, ಬೂಟುಗಳನ್ನು ಕಂಡೊಡನೆ ಸುಮ್ಮನಾಗುವುದು ನ್ಯಾಯವಲ್ಲ. ಅಲ್ಲಿಯೂ ನೋಟ್ ಪುಸ್ತಕವನ್ನು ತೆರೆಯಿರಿ; ಶುಲ್ಕ, ವ್ಯಾನು, ಟ್ಯೂಷನ್‌ಗಳನ್ನು ವರ್ಷಕ್ಕೆ ಲೆಕ್ಕಹಾಕಿ, ಪ್ರಯಾಣದಲ್ಲಿ ಕಳೆಯುವ ಕಾಲವನ್ನೂ ಅದಕ್ಕೆ ಕೂಡಿಸಿ.

8. ಮಗುವಿನ ಅಭಿಪ್ರಾಯವನ್ನು ಕೇಳಿ, ಬಳಿಕ ದಾಖಲು ಮಾಡಿಸಿ. ವರ್ಗಾವಣೆ ಪತ್ರವನ್ನು ಹಿಂದಿನ ಶಾಲೆಯ ಮುಖ್ಯಸ್ಥರು ಕೂಡಲೇ ಕೊಡತಕ್ಕದ್ದು. ಅದು ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಪ್ರಕರಣವು ಹೇಳುತ್ತದೆ.

ಎಲ್ಲವೂ ಸರಿಯಿದ್ದು ಒಂದೆರಡು ಕೊರತೆಗಳು ಮಾತ್ರ ಉಳಿದಿದ್ದರೆ, ಅವು ನಿರಾಕರಣೆಗೆ ಕಾರಣವಾಗಬೇಕಿಲ್ಲ: ಎಸ್‌ಡಿಎಂಸಿಯ ಮುಕ್ಕಾಲು ಪಾಲು ಸದಸ್ಯತ್ವವು ಪೋಷಕರಿಗೇ ಸಲ್ಲತಕ್ಕದ್ದಾದುದರಿಂದ, ಸೇರಿಸಿದವರು ಸಭೆಗೆ ಹೋಗಿ ಕೇಳಬಲ್ಲರು. ಗಣಿತಕ್ಕೆ ಶಿಕ್ಷಕರೇ ಇಲ್ಲದೆ, ಬರುವ ಭರವಸೆಯೂ ಇಲ್ಲದಿದ್ದರೆ, ಪಟ್ಟಿಯಲ್ಲಿನ ಮುಂದಿನ ಸರಕಾರಿ ಶಾಲೆಯನ್ನು ನೋಡಲು ಹೊರಡಿ.